ಇಹ್ಲಾರಾ ಕಣಿವೆಯಲ್ಲಿ ನಡೆಯಿರಿ, ಬಂಡೆ ಮಾತ್ರ ಹತ್ತಬೇಡಿ

ಟರ್ಕಿಯ ಕಪಡೋಕಿಯಾಗೆ ಹೋದಾಗ ಇಹ್ಲಾರಾ ಕಣಿವೆಯಲ್ಲೂ ನಡೆಯಬೇಕು ಅಂತ ಇದ್ದೀರಾ? ಖಂಡಿತ ಹೋಗಿ. ಆದರೆ ಅಲ್ಲಿನ ಬಂಡೆಗೆ ಕೈ ಹಾಕಿ ಹತ್ತಬೇಡಿ. ಹತ್ತಲು ಹೋಗಿ ನನ್ನ ಎಡಗಾಲು ಆರು ವಾರ ಪ್ಲಾಸ್ಟರ್‌ನಲ್ಲಿತ್ತು.

ಅಕ್ಟೋಬರ್‌ನಲ್ಲಿ ನಾನು, ನನ್ನ ತಂಗಿ ಹೋಗಿದ್ದೆವು. ಹಿಂದಿನ ರಾತ್ರಿ ಮಳೆ ಬಂದಿತ್ತು. ಮುಖ್ಯ ಬಾಗಿಲಿನಿಂದ ಸುಮಾರು 400 ಮೆಟ್ಟಿಲು ಇಳಿದರೆ ಮೆಲೆಂದಿಜ್ ಹೊಳೆ, ಎರಡೂ ಕಡೆ ನೂರು ಮೀಟರಿನಷ್ಟು ಎತ್ತರದ ಬಂಡೆಗೋಡೆ. ಮರದ ಸೇತುವೆ ದಾಟಿ ಯಿಲಾನ್ಲಿ ಚರ್ಚ್ ನೋಡಿದೆವು. ಪಾಪ ಮಾಡಿದ ಹೆಂಗಸರನ್ನು ಹಾವುಗಳು ಕಚ್ಚುವ ಚಿತ್ರ ಅಲ್ಲಿದೆ. ಎಷ್ಟೋ ಕಡೆ ಸಂತರ ಮುಖಗಳನ್ನು ಯಾರೋ ಕೆರೆದುಹಾಕಿದ್ದಾರೆ, ನೋಡಿ ಹೊಟ್ಟೆ ಉರಿಯಿತು.

ಮುಂದೆ ದಾರಿಯ ಪಕ್ಕ, ಹತ್ತಡಿ ಮೇಲೆ ಒಂದು ಗುಹೆಯ ಬಾಯಿ ಕಂಡಿತು. ಬೋರ್ಡ್ ಇಲ್ಲ, ಕಂಬಿ ಇಲ್ಲ. ಕಾಲಿಡಲು ಸವೆದ ಗುಳಿಗಳಿದ್ದವು. ರಾಮನಗರದ ಬಂಡೆಗಳನ್ನು ಹತ್ತಿ ಅಭ್ಯಾಸ ಇದೆಯಲ್ವಾ, ಧೈರ್ಯವಾಗಿ ಹೊರಟೆ. ಮೇಲಿನ ಅಂಚು ಹಿಡಿದ ತಕ್ಷಣ ಅದು ಬೆಲ್ಲದಚ್ಚು ಮುರಿದ ಹಾಗೆ ಕೈಗೇ ಬಂತು.

ರಾಮನಗರದ್ದು ಗ್ರಾನೈಟ್, ಇದು ಟಫ್. ಜ್ವಾಲಾಮುಖಿ ಉಗುಳಿದ ಬೂದಿ ಪದರ ಪದರವಾಗಿ ಕೂತು ಕಲ್ಲಾದದ್ದು. ಮೆತ್ತಗಿದೆ ಅಂತಲೇ ಸಾವಿರ ವರ್ಷದ ಹಿಂದೆ ಕೈ ಉಳಿಯಲ್ಲಿ ಇಡೀ ಚರ್ಚುಗಳನ್ನು ಕೊರೆದರು. ನೀರು ಕುಡಿದರೆ ಇನ್ನೂ ಮೆತ್ತಗಾಗುತ್ತದೆ. ಕೆಲವು ಗುಹೆಗಳ ಮುಂಭಾಗ ಪೂರ್ತಿ ಕುಸಿದು ಒಳಗಿನ ಕಮಾನು ಹೊರಗೆ ಕಾಣುತ್ತದೆ. ಬೆಳಗ್ಗೆಯಿಂದ ಅದನ್ನು ನೋಡುತ್ತಲೇ ಬಂದಿದ್ದೆ, ಆದರೂ ಹೊಳೆಯಲಿಲ್ಲ.

ಬಿದ್ದ ಮೇಲಿನ ಕಷ್ಟ ಬೇರೆ. ಕಣಿವೆ ಸುಮಾರು 14 ಕಿಲೋಮೀಟರ್ ಉದ್ದ. ಮೇಲೆ ಬರಲು ಇಹ್ಲಾರಾ ಊರು, ಆ ಮೆಟ್ಟಿಲು, ನಡುವೆ ಬೆಲಿಸಿರ್ಮಾ, ಕೊನೆಗೆ ಸೆಲಿಮೆ, ಇಷ್ಟೇ ಜಾಗ. ಮುರಿದ ಕಾಲಲ್ಲಿ 400 ಮೆಟ್ಟಿಲು ಆಗದ ಮಾತು. ತಂಗಿಯ ಹೆಗಲು ಹಿಡಿದು ಬೆಲಿಸಿರ್ಮಾ ಕಡೆ ಕುಂಟಿದೆ. ಎರಡು ಕಿಲೋಮೀಟರಿಗೆ ಎರಡೂವರೆ ಗಂಟೆ. ಹೊಳೆ ಪಕ್ಕದ ಹೋಟೆಲಿನ ಅಜ್ಜ ಓಡಿ ಬಂದು ಐಸ್ ಕೊಟ್ಟು, ಕಾರು ಕರೆಸಿ ಅಕ್ಸರಾಯ್ ಆಸ್ಪತ್ರೆಗೆ ಕಳಿಸಿದರು. ಭಾಷೆ ಬರದಿದ್ದರೂ ಅವರ ಋಣ ದೊಡ್ಡದು.

ಬೋರ್ಡ್, ಮೆಟ್ಟಿಲು ಇರುವ ಚರ್ಚುಗಳಿಗೆ ಮಾತ್ರ ಹೋಗಿ, ಅವೇ ಬೇಕಾದಷ್ಟಿವೆ. ಒಳಗೆ ಕತ್ತಲು, ಟಾರ್ಚ್ ಬೇಕು. ಮಳೆಯ ಮರುದಿನ ಗೋಡೆಯ ಬುಡದಲ್ಲಿ ಸುಮ್ನೆ ಕೂರಬೇಡಿ. ಟ್ರಾವೆಲ್ ಇನ್ಶೂರೆನ್ಸ್‌ನಲ್ಲಿ ಬಂಡೆ ಹತ್ತುವುದಕ್ಕೆ ರಕ್ಷಣೆ ಇದೆಯಾ ಅಂತ ಹೊರಡುವ ಮೊದಲೇ ಓದಿ. ನಮ್ಮದರಲ್ಲಿ ಇರಲಿಲ್ಲ, ಖರ್ಚೆಲ್ಲ ಕೈಯಿಂದಲೇ ಹೋಯಿತು.

ನಮ್ಮಲ್ಲಿಯ ಹಾಗೆ ಅಲ್ಲೂ ತುರ್ತು ನಂಬರ್ 112. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಸಿಗ್ನಲ್ ಇದ್ದರೆ ಸಾಮಾನ್ಯವಾಗಿ ಆ ಕರೆ ಹೋಗುತ್ತದೆ. ನಾವು ಅವತ್ತು ಫೋನಿನಲ್ಲಿ ಸಿಗ್ನಲ್ ಇಲ್ಲ ಅಂತ ನೋಡಿ ಬ್ಯಾಗಿಗೆ ಹಾಕಿಬಿಟ್ಟೆವು.