ಕಿತ್ತಳೆ ಲಿಕ್ಯೂರ್: ಯಾವ ಬಾಟಲಿಗೆ ದುಡ್ಡು ಕೊಡಬಹುದು?

ನಮ್ಮ ಕಡೆ ‘ಲಿಕರ್’ ಅಂದರೆ ವಿಸ್ಕಿ, ರಮ್, ಬ್ರಾಂದಿ ಎಲ್ಲವೂ. ಲಿಕ್ಯೂರ್ ಬೇರೆ: ಮದ್ಯಸಾರಕ್ಕೆ ಹಣ್ಣು, ಬೇರು, ಬೀಜ ಅಥವಾ ಸಿಪ್ಪೆಯ ಪರಿಮಳ ಹಿಡಿಸಿ ಸಕ್ಕರೆ ಬೆರೆಸಿದ್ದು. ಯುರೋಪಿನ ಒಕ್ಕೂಟದ ನಿಯಮದಲ್ಲಿ ಮದ್ಯಸಾರ ಕನಿಷ್ಠ ಶೇ. 15 ಇರಬೇಕು, ಸಕ್ಕರೆ ಸಾಮಾನ್ಯವಾಗಿ ಲೀಟರಿಗೆ ಕನಿಷ್ಠ 100 ಗ್ರಾಂ. ಹೆಸರಿನಲ್ಲಿ ‘ಕ್ರೆಮ್ ದ’ ಅಂತಿದ್ದರೆ ಸಕ್ಕರೆ 250 ಗ್ರಾಂ, ಕ್ರೆಮ್ ದ ಕಸ್ಸಿಸ್ (ಕಪ್ಪು ಕರಂಟ್ ಹಣ್ಣಿನದು) ಆದರೆ 400. ‘ಕ್ರೆಮ್’ ಅಂತ ಓದಿ ಹಾಲಿನ ಕೆನೆ ಹುಡುಕಬೇಡಿ, ಅದು ಪಾಕದ ದಪ್ಪಕ್ಕೆ ಇಟ್ಟ ಹೆಸರು.

ಮನೆಗೆ ಒಂದೇ ಒಂದು ಲಿಕ್ಯೂರ್ ತರುವುದಾದರೆ ಕಿತ್ತಳೆಯದ್ದನ್ನೇ ತನ್ನಿ; ಕಾಕ್‌ಟೇಲಿಗೂ ಅಡುಗೆಮನೆಗೂ ಒದಗುತ್ತದೆ. ಇದರಲ್ಲಿ ಹಣ್ಣಿನ ರಸದ ಕೆಲಸ ಏನೂ ಇಲ್ಲ, ಎಲ್ಲ ಸಿಪ್ಪೆಯದ್ದು. ಹೇರಳೆಕಾಯಿಯ ಸಿಪ್ಪೆಯನ್ನು ಉಗುರಿನಲ್ಲಿ ಗೀರಿದಾಗ ಮೂಗಿಗೆ ಅಡರುವ ಆ ಕಹಿ ಘಮ ಇದೆಯಲ್ಲ, ಬಾಟಲಿಯಲ್ಲಿ ಹಿಡಿದಿಡಬೇಕಾದ್ದು ಅಂಥದ್ದನ್ನು. ಅದು ಎಣ್ಣೆ. ನೀರಿಗೆ ಸೇರುವುದಿಲ್ಲ, ಮದ್ಯಸಾರದಲ್ಲಿ ಕರಗುತ್ತದೆ. ಹಾಗಾಗಿ ಲೇಬಲ್ಲಿನಲ್ಲಿ ಮೊದಲು ನೋಡಬೇಕಾದ್ದು ಶೇಕಡಾವಾರು. ಶೇ. 15–20ರ ಅಗ್ಗದ ಟ್ರಿಪಲ್ ಸೆಕ್ (ಬಣ್ಣವಿಲ್ಲದ ಕಿತ್ತಳೆ ಲಿಕ್ಯೂರ್) ಹೆಚ್ಚು ಎಣ್ಣೆ ಹೊರಲಾರದು. ನಾಲಗೆಗೆ ಸಿಗುವುದು ಕಿತ್ತಳೆ ಪೆಪ್ಪರ್‌ಮಿಂಟಿನ ರುಚಿ.

ಕ್ವಾಂಟ್ರೋ ಫ್ರಾನ್ಸಿನ ಆಂಜೆ ಊರಿನದು, ಎಡ್ವಾರ್ ಕ್ವಾಂಟ್ರೋ 1875ರಲ್ಲಿ ರೂಪಿಸಿದ್ದು. ಸಿಹಿ ಮತ್ತು ಕಹಿ ಕಿತ್ತಳೆಯ ಸಿಪ್ಪೆಗಳನ್ನು ಬಟ್ಟಿ ಇಳಿಸಿ ಮಾಡುತ್ತಾರೆ. ಬಣ್ಣವಿಲ್ಲ, ಶೇ. 40. ಇದರ ಸಿಪ್ಪೆಯೆಣ್ಣೆಯನ್ನು ಕಣ್ಣಾರೆ ನೋಡಬಹುದು: 30 ಮಿಲಿ ಕ್ವಾಂಟ್ರೋ ಗಾಜಿನ ಲೋಟಕ್ಕೆ ಹಾಕಿ, ನಾಲ್ಕು ತುಂಡು ಐಸ್ ಬಿಟ್ಟು ಕಾಯಿರಿ. ಐಸ್ ಕರಗಿ ಮದ್ಯಸಾರ ತೆಳುವಾದಂತೆ ಎಣ್ಣೆ ಬೇರ್ಪಟ್ಟು ದ್ರವ ಮಸುಕಾಗುತ್ತದೆ. ಕೆಟ್ಟಿದೆ ಅಂತ ಚೆಲ್ಲಿಬಿಡಬೇಡಿ. ಮಸುಕೇ ಆಗದ ಟ್ರಿಪಲ್ ಸೆಕ್ಕಿನಲ್ಲಿ ಎಣ್ಣೆ ಕಡಿಮೆ ಅಂತಲೇ ಅರ್ಥ.

ಟೆಕೀಲಾ ಎಂಬ ಮೆಕ್ಸಿಕೋದ ಮದ್ಯದ ಕಾಕ್‌ಟೇಲ್ ಮಾರ್ಗರಿಟಾಕ್ಕೆ ನಮ್ಮ ಮೊದಲ ಆಯ್ಕೆ ಇದೇ. ಟೆಕೀಲಾ 50 ಮಿಲಿ, ಕ್ವಾಂಟ್ರೋ 20, ಆಗಷ್ಟೇ ಹಿಂಡಿದ ನಿಂಬೆರಸ 15; ಶೇಕರಿನ ತುಂಬ ಐಸ್ ಹಾಕಿ 12–15 ಸೆಕೆಂಡು ಕುಲುಕಿ ಸೋಸಿ. ಲಿಕ್ಯೂರಿನಲ್ಲೇ ಸಕ್ಕರೆ ಇರುವುದರಿಂದ ಪಾಕ ಬೇಡ; ನಿಂಬೆ ತೀರಾ ಹುಳಿ ಅನ್ನಿಸಿದರೆ 5 ಮಿಲಿ ಪಾಕ ಸಾಕು. ಇದೇ ಅಳತೆಗೆ ಶೇ. 20ರ ಟ್ರಿಪಲ್ ಸೆಕ್ ಸುರಿದರೆ ಪಾನಕದಂತೆ ಸಪ್ಪೆಸಿಹಿ. ಸರಿಮಾಡಲು ನಿಂಬೆ ಏರಿಸಿದರೆ ಹುಳಿ ಏರುತ್ತದೆ, ಘಮ ಏರುವುದಿಲ್ಲ.

ಗ್ರಾಂ ಮಾರ್ನಿಯೇ (1880) ಕೂಡ ಶೇ. 40, ಆದರೆ ಜಾತಿ ಬೇರೆ. ಕಹಿ ಕಿತ್ತಳೆಗೆ ಇಲ್ಲಿ ಕೊನ್ಯಾಕ್ ಬ್ರಾಂದಿಯ ಆಸರೆ. ಮರದ ಪೀಪಾಯಿಯ ವಾಸನೆ, ವೆನಿಲಾ, ತುಸು ಒಗರು. ಊಟವಾದ ಮೇಲೆ ಹಾಗೇ ಗುಟುಕರಿಸಲು ಕ್ವಾಂಟ್ರೋಗಿಂತ ಇದು ಮೇಲು. ಮಾರ್ಗರಿಟಾಕ್ಕೆ ಹಾಕಿದರೆ ಟೆಕೀಲಾ ಮಂಕಾಗುತ್ತದೆ, ಅದಕ್ಕೆ ಅಷ್ಟು ದುಡ್ಡು ಸುರಿಯುವುದು ದಂಡ. ಇದರ ನಿಜವಾದ ಜಾಗ ಕ್ರೆಪ್ ಸುಜೆತ್ (ಲಿಕ್ಯೂರ್ ಸುರಿದು ಬೆಂಕಿ ಹಚ್ಚುವ ತೆಳು ಸಿಹಿದೋಸೆ), ಸೂಫ್ಲೆ, ಚಾಕೊಲೇಟ್. ಕರಗಿದ ಚಾಕೊಲೇಟಿಗೆ ಒಂದು ಚಮಚ ನೇರವಾಗಿ ಹಾಕಿದಿರೋ, ತಕ್ಷಣ ಗಂಟುಗಟ್ಟಿ ಮರಳು ಮರಳಾಗುತ್ತದೆ. ಮೊದಲು ಬಿಸಿ ಕ್ರೀಮಿನಲ್ಲಿ ಚಾಕೊಲೇಟ್ ಕರಗಿಸಿ, ಉಗುರುಬೆಚ್ಚಗಾದ ಮೇಲೆ 200 ಮಿಲಿ ಕ್ರೀಮಿಗೆ 15 ಮಿಲಿಯ ಲೆಕ್ಕದಲ್ಲಿ ಬೆರೆಸಿ. ಕುದಿಯುವಾಗ ಹಾಕಿದರೆ ಪರಿಮಳ ಆವಿಯಾಗಿ ಹೋಗುತ್ತದೆ. ಬೆಂಕಿ ಹಚ್ಚುವುದಿದ್ದರೆ 30 ಮಿಲಿ ಅಳೆದು ಬೇರೆ ಸಣ್ಣ ಪಾತ್ರೆಯಲ್ಲಿ ಬೆಚ್ಚಗೆ ಮಾಡಿಕೊಳ್ಳಿ. ಬಾಟಲಿಯಿಂದಲೇ ಉರಿಗೆ ಸುರಿಯಬಾರದು, ಜ್ವಾಲೆ ಕೈವರೆಗೆ ಹತ್ತುತ್ತದೆ.

ಇನ್ನು ನೀಲಿ ಕುರಸಾವೋ. ಕೆರಿಬಿಯನ್ನಿನ ಕುರಸಾವೋ ದ್ವೀಪಕ್ಕೆ ಸ್ಪೇನಿನವರು ತಂದು ನೆಟ್ಟ ಕಿತ್ತಳೆ ಒಣಭೂಮಿಯಲ್ಲಿ ಕಹಿಯಾಯಿತು. ಆ ‘ಲರಾಹಾ’ ಹಣ್ಣು ತಿನ್ನಲು ಬರುವುದಿಲ್ಲ, ಒಣಗಿಸಿದ ಸಿಪ್ಪೆ ಮಾತ್ರ ಬಹಳ ಪರಿಮಳ. ಅಲ್ಲಿನ ಸೀನಿಯರ್ ಕಂಪನಿ ಅದರಿಂದ ಮಾಡಿದ ಲಿಕ್ಯೂರನ್ನು ನೀಲಿ, ಹಸಿರು, ಕೆಂಪು, ಕಿತ್ತಳೆ ಬಣ್ಣದಲ್ಲೂ ಬಣ್ಣವಿಲ್ಲದೆಯೂ ಮಾರುತ್ತದೆ. ಐದರದ್ದೂ ಒಂದೇ ರುಚಿ. ನೀಲಿಯೆಂಬುದು ಬರೀ ಆಹಾರ ಬಣ್ಣ. ಬೇರೆಡೆ ಇದೇ ಹೆಸರಿನಲ್ಲಿ ಬರುವ ಹೆಚ್ಚಿನ ಬಾಟಲಿಗಳಿಗೂ ಲರಾಹಾಕ್ಕೂ ಸಂಬಂಧವಿಲ್ಲ. ಫೋಟೋಕ್ಕಾಗಿ ಮಾತ್ರ ಬೇಕಿದ್ದರೆ ಚಿಕ್ಕ ಬಾಟಲಿ ತಂದು, ಲೋಟಕ್ಕೆ 5–10 ಮಿಲಿ ಹಾಕಿ.

ಆಮದು ಸುಂಕದಿಂದ ಇವೆಲ್ಲ ನಮ್ಮಲ್ಲಿ ದುಬಾರಿ. ವಿದೇಶದಿಂದ ಬರುವವರಿಗೆ ಸುಂಕವಿಲ್ಲದೆ ತರಲು ಇರುವ ಎರಡು ಲೀಟರಿನಲ್ಲಿ ಒಂದು ಕ್ವಾಂಟ್ರೋ ಆದರೆ ಒಳ್ಳೆಯದು. ಮನೆಯಲ್ಲಿ ಅಪರೂಪಕ್ಕೆ ಬಳಸುವವರಿಗೆ ಅದು ವರ್ಷಕ್ಕೂ ಹೆಚ್ಚು ಬರುತ್ತದೆ. ಫ್ರಿಜ್ ಬೇಡ, ಬಿಸಿಲು ತಾಗದ ಕಪಾಟು ಸಾಕು. ಮುಚ್ಚಳ ಅಂಟಿಕೊಂಡರೆ ಅದು ಕತ್ತಿನಲ್ಲಿ ಒಣಗಿದ ಸಕ್ಕರೆ: ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ ಒಂದು ನಿಮಿಷ ಬಿಟ್ಟು ತಿರುಗಿಸಿ. ಪ್ರತಿ ಸಲ ಸುರಿದ ಮೇಲೆ ಬಾಯಿ ಒರೆಸಿಟ್ಟರೆ ಆ ತೊಂದರೆಯೂ ಇರದು.