ಕ್ವಾರ್ಟರ್‌ಬ್ಯಾಕ್‌ಗಾಗಿ ಮೇಲೇರುವುದು: ಚೀಫ್ಸ್ ದಾರಿಯೋ, ಫಾರ್ಟಿನೈನರ್ಸ್ ದಾರಿಯೋ?

ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟ್‌ನಲ್ಲಿ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುತ್ತವೆ; ಆ ಒಂದೊಂದು ಸರದಿಯೇ ಪಿಕ್. ಬೇಗನೆ ಆರಿಸಲು ಬೇರೆ ತಂಡಕ್ಕೆ ಪಿಕ್ ಕೊಟ್ಟು ಮೇಲೇರಬಹುದು. ದಾಳಿಯನ್ನು ನಡೆಸುವ ಆಟಗಾರ, ಅಂದರೆ ಒಬ್ಬ ಕ್ವಾರ್ಟರ್‌ಬ್ಯಾಕ್‌ಗೆ ಹೀಗೆ ಎಷ್ಟು ಪಿಕ್ ಕೊಡಬಹುದು? ಎರಡು ವ್ಯಾಪಾರ ಪಕ್ಕಪಕ್ಕ ಇಟ್ಟು ನೋಡಿ.

2017ರಲ್ಲಿ ಕನ್ಸಾಸ್ ಸಿಟಿ ಚೀಫ್ಸ್ 27ನೇ ಪಿಕ್‌ನಿಂದ 10ಕ್ಕೆ ಏರಿತು. ಕೊಟ್ಟಿದ್ದು ಆ 27, ಒಂದು ಮೂರನೇ ಸುತ್ತಿನ ಪಿಕ್, ಮರುವರ್ಷದ ಮೊದಲ ಸುತ್ತಿನ ಪಿಕ್. ಸಿಕ್ಕಿದ್ದು ಪ್ಯಾಟ್ರಿಕ್ ಮಹೋಮ್ಸ್. ಅನುಭವಿ ಕ್ವಾರ್ಟರ್‌ಬ್ಯಾಕ್ ಅಲೆಕ್ಸ್ ಸ್ಮಿತ್ ತಂಡದಲ್ಲೇ ಇದ್ದರು, ಹಾಗಾಗಿ ಹುಡುಗನಿಗೆ ಕಲಿಯಲು ಒಂದು ವರ್ಷ ಸಿಕ್ಕಿತು. ಆ ಸೀಸನ್‌ನಲ್ಲಿ ಆಡಿದ್ದು ಒಂದೇ ಪಂದ್ಯ.

2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ 12ರಿಂದ 3ಕ್ಕೆ ಏರಲು ಆ 12 ಸೇರಿ ಮೂರು ಮೊದಲ ಸುತ್ತಿನ ಪಿಕ್ ಮತ್ತು ಒಂದು ಮೂರನೇ ಸುತ್ತಿನ ಪಿಕ್ ಕೊಟ್ಟಿತು. ಬಂದ ಕ್ವಾರ್ಟರ್‌ಬ್ಯಾಕ್ ಟ್ರೇ ಲ್ಯಾನ್ಸ್ ಅಲ್ಲಿ ಆರಂಭಿಸಿದ್ದು ನಾಲ್ಕೇ ಪಂದ್ಯ. ಕೊನೆಗೆ ಕೈ ಹಿಡಿದವರು 2022ರ ಕಟ್ಟಕಡೆಯ, 262ನೇ ಪಿಕ್ ಬ್ರಾಕ್ ಪರ್ಡಿ.

ನಾನಾದರೆ ಚೀಫ್ಸ್ ದಾರಿ ಹಿಡಿಯುತ್ತೇನೆ. ಮುಂದಿನ ವರ್ಷಗಳ ಮೊದಲ ಸುತ್ತಿನ ಪಿಕ್ ಒಂದು ಕೊಡಬಹುದು, ಎರಡು ಜಾಸ್ತಿಯಾಯ್ತು. ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಒಳ್ಳೆಯ ಟ್ಯಾಕಲ್ (ಎದುರಾಳಿಗಳನ್ನು ತಡೆಯುವ ಆಟಗಾರ) ಸಿಗುವುದೂ ಅಂಥ ಪಿಕ್‌ನಲ್ಲೇ ಅಲ್ವಾ?