ವಾಟರ್ ಕೂಲಿಂಗ್ ಪಿಸಿ ಮಾಡಿಸುವ ಮೊದಲು ರೇಡಿಯೇಟರ್ ಯಾವ ಲೋಹದ್ದು ಅಂತ ಕೇಳಿ

ಅಂಗಡಿಯವರ ಕೈಲಿ ಓಪನ್ ಫ್ರೇಮ್ (ಸುತ್ತ ಮುಚ್ಚಿಲ್ಲದ) ಕೇಸ್‌ನಲ್ಲಿ ಕಸ್ಟಮ್ ವಾಟರ್ ಕೂಲಿಂಗ್ (ಬಿಡಿಭಾಗ ಜೋಡಿಸಿ, ನೀರು ಹರಿಸಿ ಪಿಸಿ ತಣಿಸುವುದು) ಮಾಡಿಸಬೇಕು ಅಂತಿರುವವರು ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ. ನನ್ನ ಗ್ರಾಫಿಕ್ಸ್ ಕಾರ್ಡ್ ಹೋಯಿತು. ಅದರ ಜೊತೆ ಮದರ್‌ಬೋರ್ಡೂ ಹೋಯಿತು. ವಾರಂಟಿ ಸಿಗಲಿಲ್ಲ. ಚಿಪ್‌ನ ಬಿಸಿಯನ್ನು ನೀರಿಗೆ ದಾಟಿಸುವ ತಾಮ್ರದ ವಾಟರ್ ಬ್ಲಾಕ್‌ಗಳ ಜೊತೆ, ಆ ನೀರಿನ ಬಿಸಿಯನ್ನು ಗಾಳಿಗೆ ಬಿಡುವ ರೇಡಿಯೇಟರನ್ನು ಅಲ್ಯೂಮಿನಿಯಂದು ಸೇರಿಸಿ ಕೊಟ್ಟಿದ್ದರು, ಅದೇ ಎಲ್ಲದಕ್ಕೂ ಮೂಲ.

ನನ್ನದು ಮದುವೆ ವಿಡಿಯೋ ಎಡಿಟಿಂಗ್ ಕೆಲಸ. ಸೀಸನ್‌ನಲ್ಲಿ ರಾತ್ರಿಯಿಡೀ ರೆಂಡರ್ (ಎಡಿಟ್ ಆದ ವಿಡಿಯೋವನ್ನು ಪಿಸಿ ಅಂತಿಮ ಫೈಲ್ ಮಾಡುವ ಕೆಲಸ) ಓಡುತ್ತಿರುತ್ತದೆ. ಫ್ಯಾನ್ ಗದ್ದಲ ಕಡಿಮೆಯಾಗಲಿ, ಬಿಸಿಯೂ ಹಿಡಿತದಲ್ಲಿರಲಿ ಅಂತ ಬೆಂಗಳೂರಿನ ಒಂದು ಅಂಗಡಿಯಲ್ಲಿ ಮಾಡಿಸಿದೆ. ಕೇಳಿದ್ದಕ್ಕೆ "ಎಲ್ಲಾ ಕಾಪರ್ರೇ ಸಾರ್" ಅಂದರು. ಬಿಲ್‌ನಲ್ಲಿ ಮಾತ್ರ "ಕಸ್ಟಮ್ ಲೂಪ್ ಕಿಟ್" ಅಂತ ಒಂದೇ ಸಾಲು. ಲೂಪ್ ಅಂದರೆ ನೀರು ಸುತ್ತುವ ದಾರಿ.

ಮೊದಮೊದಲು ಚೆನ್ನಾಗೇ ಇತ್ತು. ಆಮೇಲೆ ಅದೇ ಕೆಲಸಕ್ಕೆ ಸಿಪಿಯು ಜಾಸ್ತಿ ಬಿಸಿಯಾಗತೊಡಗಿತು. ತಿಳಿಯಾಗಿದ್ದ ಕೂಲಂಟ್ (ಒಳಗೆ ಸುತ್ತುವ ದ್ರವ) ಕಷಾಯದ ಬಣ್ಣಕ್ಕೆ ತಿರುಗಿತು. ಅಂಗಡಿಗೆ ಫೋನ್ ಮಾಡಿದರೆ ಹುಡುಗನೊಬ್ಬನನ್ನು ಕಳಿಸಿದರು. ಅವನು ಕಡಿಮೆಯಾದಷ್ಟಕ್ಕೆ ಕ್ಯಾನ್ ನೀರನ್ನೇ ಸುರಿದು ಹೋದ. ಕುಡಿಯುವ ನೀರಿನಲ್ಲಿ, ಆರ್‌ಒ ನೀರಿನಲ್ಲೂ, ಲವಣ ಇದ್ದೇ ಇರುತ್ತದೆ. ಲೂಪ್‌ಗೆ ಅದನ್ನು ಹಾಕಲೇಬಾರದು.

ಒಂದು ದಿನ ರೆಂಡರ್ ನಡುವೆಯೇ ಸ್ಕ್ರೀನ್ ಕಪ್ಪಾಯಿತು. ರೇಡಿಯೇಟರ್ ಕೂರಿಸಿದ್ದು ಮೇಲ್ಗಡೆ. ಅದರ ಪೋರ್ಟ್‌ಗೆ (ನೀರು ಬಂದುಹೋಗುವ ತೂತಿಗೆ) ಬಿಗಿದ, ಪೈಪ್ ಜೋಡಿಸುವ ಫಿಟ್ಟಿಂಗ್ ಸುತ್ತ ಬಿಳಿ ಹುಡಿ ಕಟ್ಟಿತ್ತು. ಅಲ್ಲಿಂದ ಒಂದೊಂದೇ ಹನಿ ಇಳಿದು ಗ್ರಾಫಿಕ್ಸ್ ಕಾರ್ಡ್ ಬೆನ್ನಿನ ಮೇಲೆ ಹರಡಿತ್ತು. ಓಪನ್ ಫ್ರೇಮ್ ಆದ್ದರಿಂದ ಬೋರ್ಡ್ ಮೇಲೆಲ್ಲ ಧೂಳು. ಒದ್ದೆಯಾದ ಧೂಳಿನಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ, ಅಪ್ಪಟ ನೀರಿಗಿಂತ ಅದು ಅಪಾಯ.

ಬೇರೆ ಕಡೆ ಬಿಚ್ಚಿಸಿದಾಗ ಸಿಪಿಯು ಬ್ಲಾಕ್ ಒಳಗಿನ ಕೂದಲೆಳೆಯಂಥ ಫಿನ್‌ಗಳ ನಡುವೆ ಬೂದು ಬಣ್ಣದ ರಾಡಿ ತುಂಬಿತ್ತು. ರೇಡಿಯೇಟರ್ ಪೋರ್ಟ್‌ನಲ್ಲಿ ಓ-ರಿಂಗ್ (ಸೋರದಂತೆ ಹಾಕುವ ರಬ್ಬರ್ ಬಳೆ) ಕೂರುವ ಜಾಗ ಸವೆದು ಗುಳಿ ಬಿದ್ದಿತ್ತು. ಇನ್ನು ಓ-ರಿಂಗ್ ನೀರನ್ನು ಹೇಗೆ ತಡೆಯುತ್ತೆ?

ತಾಮ್ರ, ಅಲ್ಯೂಮಿನಿಯಂ ಎರಡೂ ಒಂದೇ ನೀರಿಗೆ ತಾಗಿಕೊಂಡಿದ್ದರೆ ಬ್ಯಾಟರಿಯೊಳಗೆ ನಡೆಯುವಂಥದ್ದೇ ಕ್ರಿಯೆ ಶುರುವಾಗುತ್ತದೆ. ಅದರಲ್ಲಿ ಕರಗುವುದು ಅಲ್ಯೂಮಿನಿಯಂ. ತಾಮ್ರದ ಬ್ಲಾಕ್‌ಗೆ ನಿಕಲ್ ಲೇಪನ ಇದ್ದರೂ ಅಲ್ಯೂಮಿನಿಯಂ ಉಳಿಯುವುದಿಲ್ಲ. ತುಕ್ಕು ತಡೆಯುವ ಕೂಲಂಟ್ ಹಾಕಿದರೆ ನಿಧಾನವಾಗುತ್ತದೆ, ನಿಲ್ಲುವುದಿಲ್ಲ.

ಅಂಗಡಿಯವರು ಕೊಟ್ಟ ಉತ್ತರ: "ಎಐಒ ಕೂಲರ್‌ನಲ್ಲೂ ಅಲ್ಯೂಮಿನಿಯಂ ರೇಡಿಯೇಟರೇ ಇರುತ್ತೆ ಸಾರ್." ಇದು ಅರ್ಧ ಸತ್ಯ. ಎಐಒ ಅಂದರೆ ಕಂಪನಿಯೇ ಪೂರ್ತಿ ಜೋಡಿಸಿ ಕೊಡುವ ಸಿದ್ಧ ವಾಟರ್ ಕೂಲರ್. ಅದರಲ್ಲಿ ಲೆಕ್ಕ ಹಾಕಿ ಬೆರೆಸಿದ ದ್ರವವನ್ನು ಫ್ಯಾಕ್ಟರಿಯಲ್ಲೇ ತುಂಬಿ ಮುಚ್ಚಿರುತ್ತಾರೆ. ಅದಕ್ಕೂ ಆಯುಸ್ಸು ಇಷ್ಟು ಅಂತ ಇದೆ. ನಾವು ಬಿಚ್ಚಿ, ಬದಲಿಸಿ, ಮತ್ತೆ ತುಂಬುವ ಲೂಪ್‌ಗೆ ಆ ಮಾತು ಹೊಂದುವುದಿಲ್ಲ. 2017ರಲ್ಲಿ ವಾಟರ್ ಕೂಲಿಂಗ್ ಬಿಡಿಭಾಗ ಮಾಡುವ ಇಕೆ ಕಂಪನಿ ಫ್ಲೂಯಿಡ್ ಗೇಮಿಂಗ್ ಅನ್ನುವ ಕಡಿಮೆ ಬೆಲೆಯ ಕಿಟ್ ತಂದಾಗ ಬ್ಲಾಕ್, ರೇಡಿಯೇಟರ್ ಎಲ್ಲವನ್ನೂ ಅಲ್ಯೂಮಿನಿಯಂನಲ್ಲೇ ಮಾಡಿತ್ತು. ಒಂದೇ ಲೋಹ ಇದ್ದರೆ ಜಗಳವಿಲ್ಲ, ಅಲ್ವಾ?

ಹಾಗಾಗಿ ಬಿಲ್‌ನಲ್ಲಿ ಪ್ರತಿ ಬಿಡಿಭಾಗದ ಮಾಡೆಲ್ ಹೆಸರು ಬರೆಸಿಕೊಳ್ಳಿ. ಬಾಯಿಮಾತು ಬೇಡ. ರೇಡಿಯೇಟರನ್ನು ಕೈಯಲ್ಲಿ ಹಿಡಿದು ನೋಡಿ. ತಾಮ್ರ ಅಲ್ಯೂಮಿನಿಯಂಗಿಂತ ಮೂರು ಪಟ್ಟಿಗೂ ಜಾಸ್ತಿ ತೂಕ, ಹಗುರ ಅನಿಸಿದರೆ ಅನುಮಾನಪಡಿ. ತಾಮ್ರದ ರೇಡಿಯೇಟರ್‌ಗಳಲ್ಲಿ ತುದಿಯ ಟ್ಯಾಂಕ್ ಸಾಮಾನ್ಯವಾಗಿ ಹಿತ್ತಾಳೆಯದು, ಪೋರ್ಟ್ ಒಳಗೆ ಟಾರ್ಚ್ ಬಿಟ್ಟರೆ ಹಳದಿ ಕಾಣುತ್ತದೆ. ಬರೀ ಬೆಳ್ಳಗಿದ್ದರೆ ಬಿಟ್ಟು ಬನ್ನಿ.

ಲೀಕ್ ಟೆಸ್ಟ್ ನಿಮ್ಮ ಎದುರೇ ಆಗಲಿ. ನೀರು ತುಂಬುವ ಮೊದಲು ಮೀಟರ್ ಇರುವ ಕೈಪಂಪ್‌ನಿಂದ ಗಾಳಿ ಹಾಕಿ, ಮುಳ್ಳು ಇಳಿಯುತ್ತದಾ ನೋಡಬೇಕು. ನೀರು ತುಂಬಿದ ಮೇಲೆ ಪಂಪ್‌ಗೆ ಮಾತ್ರ ಪವರ್ ಕೊಟ್ಟು, ಫಿಟ್ಟಿಂಗ್‌ಗಳ ಕೆಳಗೆ ಟಿಶ್ಯೂ ಇಟ್ಟು 24 ಗಂಟೆ ಓಡಿಸುವುದು ವಾಡಿಕೆ. ನನ್ನ ಪಿಸಿಗೆ ತುಂಬಿದ ತಕ್ಷಣ ಪೂರ್ತಿ ಪವರ್ ಕೊಟ್ಟು ವಿಂಡೋಸ್ ತೋರಿಸಿಬಿಟ್ಟರು.

ಕಲಬುರಗಿ, ರಾಯಚೂರು ಕಡೆಯವರಿಗೆ ಇನ್ನೊಂದು ಮಾತು. ಕೋಣೆಯೇ 40 ಡಿಗ್ರಿ ಇದ್ದರೆ ನೀರು ಅದಕ್ಕಿಂತ ತಣ್ಣಗಾಗುವುದಿಲ್ಲ. ಪಿಇಟಿಜಿ ಅನ್ನುವ ಪ್ಲಾಸ್ಟಿಕ್ ಪೈಪ್ ಬಿಸಿಗೆ ಮೆತ್ತಗಾಗುತ್ತದೆ. ಸುಮ್ನೆ ನೋಡಲು ಚೆಂದ ಅಂತ ಅದನ್ನು ಹಾಕಿಸಬೇಡಿ, ಅಕ್ರಿಲಿಕ್ ಅಥವಾ ರಬ್ಬರ್ ಪೈಪ್ ವಾಸಿ.

ಈಗಾಗಲೇ ಮಾಡಿಸಿರುವವರು ಇವತ್ತೇ ಟಾರ್ಚ್ ಹಿಡಿದು ಪ್ರತಿ ಫಿಟ್ಟಿಂಗ್ ನೋಡಿ. ಬಿಳಿ ಹುಡಿ ಅಥವಾ ತೇವ ಕಂಡರೆ ಶಟ್‌ಡೌನ್‌ಗೆ ಕಾಯಬೇಡಿ. ಗೋಡೆಯ ಸ್ವಿಚ್ ಆರಿಸಿ, ಯುಪಿಎಸ್ ಇದ್ದರೆ ಅದನ್ನೂ ಆರಿಸಿ ಪ್ಲಗ್ ಕಿತ್ತುಹಾಕಿ. ಮದರ್‌ಬೋರ್ಡ್‌ನ ಬಟನ್ ಸೆಲ್ ತೆಗೆಯಿರಿ. ನೀರು ತಾಗಿದ ಕಾರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಪೂರ್ತಿ ಒಣಗುವವರೆಗೆ ಪವರ್ ಕೊಡಬೇಡಿ.